ಬೆಣ್ಣೆ ದೋಸೆಯ ದಾರಿಯಲ್ಲಿ ನಮ್ಮೂರ ಮಿರ್ಚಿ

ಹರಪನಹಳ್ಳಿ ತಾಲ್ಲೂಕಿನ ನಮ್ಮ ತೆಲಿಗಿ ಕೂತಲ್ಲೇ ಕೂತು ಮೂರು ಸಲ ಜಿಲ್ಲೆ ಬದಲಾಯಿಸಿದೆ. ಬಳ್ಳಾರಿಯಲ್ಲಿದ್ದದ್ದು 1997ರಲ್ಲಿ ದಾವಣಗೆರೆಗೆ ಸೇರಿತು, 2018ರಲ್ಲಿ ಮತ್ತೆ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರ ಜಿಲ್ಲೆಯದಾಯಿತು. ಶಾಲೆಯ ರಬ್ಬರ್ ಸ್ಟ್ಯಾಂಪೂ ಅಷ್ಟೇ ಸಲ ಬದಲಾಯಿತು. ಬದಲಾಗದೆ ಉಳಿದದ್ದೆಂದರೆ ಕೊನೆಯ ಪೀರಿಯಡ್ಡಿನಲ್ಲಿ ಕಿಟಕಿಯಿಂದ ಒಳಗೆ ಬರುವ ಮಿರ್ಚಿಯ ವಾಸನೆ. ಅದು ಬಂದ ಮೇಲೆ ಓಮನ ನಿಯಮವಿರಲಿ, ಆರ್ಕಿಮಿಡೀಸನೇ ಎದ್ದು ಬಂದರೂ ನಮ್ಮ ಹುಡುಗರು ಪಾಠ ಕೇಳುವುದಿಲ್ಲ.

ಆ ವಾಸನೆಯ ಅಂಗಡಿಗೆ ತಗಡಿನ ಚಪ್ಪರ, ಎರಡು ಬೆಂಚು, ಒಂದು ಮಣ್ಣಿನ ಒಲೆ. ಬೋರ್ಡಿಲ್ಲ. ಬೆಳಿಗ್ಗೆ ದೋಸೆ, ಸಂಜೆ ಮಿರ್ಚಿ, ಒಗ್ಗರಣೆ ಮಂಡಕ್ಕಿ. ನಡೆಸುವಾಕೆ ನಮ್ಮ ಶಾಲೆಯ ವಿದ್ಯಾರ್ಥಿನಿಯೊಬ್ಬಳ ತಾಯಿ. ಆ ಹುಡುಗಿ ಅರ್ಜಿಯಲ್ಲಿ ‘ತಾಯಿಯ ಉದ್ಯೋಗ’ ಎಂಬಲ್ಲಿ ‘ಮನೆಗೆಲಸ’ ಎಂದು ಬರೆದಿದ್ದಳು. ನೋಡಿದೆ, ಏನೂ ಹೇಳಲಿಲ್ಲ. ಅವಳಿಗಿಂತ ಹೆಚ್ಚು ಸಲ ಆ ಬೆಂಚಿನ ಮೇಲೆ ಕೂತವನು ನಾನು.

ಕಡಿಮೆ ಕಟ್ಟಿಗೆಯಲ್ಲಿ ಉರಿಯುವ ಒಲೆಯ ಮಾದರಿಯೊಂದನ್ನು ಆಕೆ ಮಾಡಿದ್ದಳು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ರೂಪಿಸಿದ ‘ಅಸ್ತ್ರ ಒಲೆ’ಯ ವಿಷಯ ಓದಿ, ಅದನ್ನು ಬಾಣಲೆಗೆ ಹೊಂದುವಂತೆ ತಿದ್ದಿದ್ದಳು. ಮಾದರಿ ಬೆಂಗಳೂರಿನ ಪ್ರದರ್ಶನಕ್ಕೆ ಆಯ್ಕೆಯಾಯಿತು. ಜೊತೆಗೆ ಬರಬೇಕಿದ್ದ ಶಿಕ್ಷಕಿಗೆ ಹೊರಡುವ ಮುನ್ನಾದಿನ ಜ್ವರ. ಹೆಣ್ಣುಮಗು, ಪರಸ್ಥಳ. ಕೊನೆಗೆ ತಾಯಿಯೇ ಅಂಗಡಿ ಮುಚ್ಚಿ ಹೊರಟರು. ದಿನದ ದುಡಿಮೆಯ ಮನೆಯಲ್ಲಿ ಮೂರು ದಿನ ಒಲೆ ಆರಿಸುವುದೆಂದರೇನು ಎಂಬುದನ್ನು ತಿಂಗಳ ಸಂಬಳದ ನಮಗೆ ಬಿಡಿಸಿ ಹೇಳಬೇಕಾಗುತ್ತದೆ.

ದಾವಣಗೆರೆಯಲ್ಲಿ ಬಸ್ಸು ಬದಲಾಯಿಸುವ ಮೊದಲು ಬೆಣ್ಣೆ ದೋಸೆ ತಿನ್ನದೆ ಮುಂದೆ ಹೋಗುವುದು ನಮ್ಮ ಕಡೆಯ ಪದ್ಧತಿಯಲ್ಲ. ಈ ದೋಸೆಯ ಕಥೆಯನ್ನು ಊರಿನವರು ಹೇಳುವುದು ಹೀಗೆ. 1928ರಲ್ಲಿ ಬೆಳಗಾವಿ ಕಡೆಯಿಂದ ಚೆನ್ನಮ್ಮ ಎಂಬಾಕೆ ಮಕ್ಕಳನ್ನು ಕಟ್ಟಿಕೊಂಡು ದಾವಣಗೆರೆಗೆ ಬಂದು ಹೊಟ್ಟೆಪಾಡಿಗೆ ದೋಸೆ ಹುಯ್ಯತೊಡಗಿದರು. ಆಗ ಅದು ರಾಗಿ ದೋಸೆ. ಆಮೇಲೆ ಮಕ್ಕಳ ಕಾಲಕ್ಕೆ ಅಕ್ಕಿ, ಉದ್ದು, ಮಂಡಕ್ಕಿಯ ಹಿಟ್ಟು, ಮೇಲೆ ಬೆಣ್ಣೆ ಬಂತು. ಇಂದು ಬೆಂಗಳೂರಿನಲ್ಲೂ ದಾವಣಗೆರೆಯ ಹೆಸರಿನ ಬೋರ್ಡು ಹಾಕಿದರೆ ಜನ ಸಾಲು ನಿಲ್ಲುತ್ತಾರೆ. ಅದರ ಬುಡದಲ್ಲಿರುವುದು ಹೊಟ್ಟೆಪಾಡಿನ ಒಂದು ಒಲೆ.

ಮಂಡಕ್ಕಿ ಹಿಟ್ಟಿಗೆ ಹೇಗೆ ಬಂತೋ, ಆದರೆ ದಾವಣಗೆರೆಯಲ್ಲಿ ಅದು ಅಪರೂಪದ ವಸ್ತುವಲ್ಲ. ಮಂಡಕ್ಕಿ ಭಟ್ಟಿಗಳಿಗೆ ಹೆಸರಾದ ಊರು. ಭಟ್ಟಿಯಲ್ಲಿ ಕಾದ ಮರಳಿಗೆ ಅಕ್ಕಿ ಬಿದ್ದಾಗ ಕಾಳಿನೊಳಗಿನ ತೇವ ಆವಿಯಾಗಿ ಸಿಡಿದು ಅಕ್ಕಿ ಅರಳುತ್ತದೆ. ಅದರ ಪಿಷ್ಟ ಆಗಲೇ ಬೆಂದಿರುವುದರಿಂದ ರುಬ್ಬಿದ ಹಿಟ್ಟಿನಲ್ಲಿ ನೀರನ್ನು ಚೆನ್ನಾಗಿ ಹಿಡಿದಿಡುತ್ತದೆ. ದೋಸೆಯ ಒಳಗು ಮೆತ್ತಗಿರಲು ಅದೂ ಒಂದು ಕಾರಣ. ಇನ್ನು ಬೆಣ್ಣೆಯಲ್ಲಿ ಸುಮಾರು ಆರನೇ ಒಂದು ಪಾಲು ನೀರೇ. ಕಾವಲಿಗೆ ಬಿದ್ದಾಗ ಚುರುಗುಟ್ಟುವುದು ಆ ನೀರು. ಸದ್ದು ನಿಂತ ಮೇಲೆ ಅಂಚು ಕೆಂಪಗಾಗತೊಡಗುತ್ತದೆ.

ಇಷ್ಟನ್ನೂ ನಾನು ಮಕ್ಕಳಿಗೆ ಹೇಳುತ್ತಿದ್ದರೆ ಆ ತಾಯಿ ತಟ್ಟೆ ಮುಟ್ಟದೆ ಒಲೆಯ ಕಡೆಗೇ ನೋಡುತ್ತಿದ್ದರು. “ತಿನ್ನಮ್ಮಾ, ಆರಿಹೋಗುತ್ತೆ” ಎಂದೆ.

“ನೋಡ್ರಿ ಸರ, ಆತ ಕಾವಲಿಗೆ ನೀರು ಹೊಡೆದು ಕಿವಿ ಕೊಡ್ತಾನ. ಹನಿ ಕುಣಿದ್ರ ಕಾವು ಜಾಸ್ತಿ ಆಗೈತಿ. ಸುಂಯ್ ಅಂತ ಅಲ್ಲೇ ಆರಿದ್ರ ಹದ. ನಮ್ದೂ ಹಿಂಗs.”

ನಾನು ವರ್ಷ ವರ್ಷ ಬೋರ್ಡಿನ ಮೇಲೆ ಚಿತ್ರ ಬರೆದು ಹೇಳುವ ವಿಷಯ ಇದು. ಕಾವಲಿ ಅತಿಯಾಗಿ ಕಾದಿದ್ದರೆ ಹನಿಯ ತಳ ಕ್ಷಣದಲ್ಲಿ ಆವಿಯಾಗುತ್ತದೆ; ಆ ಆವಿಯ ತೆಳುವಾದ ಪದರದ ಮೇಲೆ ಹನಿ ತೇಲಿ ಉರುಳಾಡುತ್ತದೆ. ಲೋಹವನ್ನು ಮುಟ್ಟದ್ದರಿಂದ ಬೇಗ ಆರುವುದೂ ಇಲ್ಲ. ಜರ್ಮನಿಯ ವೈದ್ಯ ಲೈಡನ್‌ಫ್ರಾಸ್ಟ್ 1756ರಲ್ಲಿ ಇದನ್ನು ವಿವರಿಸಿದ್ದರಿಂದ ಅವನ ಹೆಸರಿನಿಂದಲೇ ಕರೆಯುತ್ತೇವೆ. ಅಂಥ ಕಾವಲಿಗೆ ಹಿಟ್ಟು ಹುಯ್ದರೆ ಹರಡುವ ಮೊದಲೇ ಗಟ್ಟಿಯಾಗಿ ಸೌಟಿಗೆ ಅಂಟಿಕೊಳ್ಳುತ್ತದೆ. ಮಗಳು ಅಮ್ಮನನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿದಳು. ಪರೀಕ್ಷೆಯಲ್ಲಿ ಐದು ಅಂಕದ ಈ ಪ್ರಶ್ನೆಗೆ ಅವಳು ಉತ್ತರ ಬಿಟ್ಟಿದ್ದಳು.

ಮರುದಿನ ಬೆಳಿಗ್ಗೆ ಬೆಂಗಳೂರಿನಲ್ಲಿ ಪ್ರದರ್ಶನಕ್ಕೆ ಇನ್ನೂ ಹೊತ್ತಿತ್ತು. ಗಾಂಧಿ ಬಜಾರಿನ ವಿದ್ಯಾರ್ಥಿ ಭವನಕ್ಕೆ ಕರೆದುಕೊಂಡು ಹೋದೆ. 1943ರಲ್ಲಿ ಸುತ್ತಲಿನ ಶಾಲೆ ಕಾಲೇಜುಗಳ ಹುಡುಗರಿಗಾಗಿ ತೆರೆದ ಪುಟ್ಟ ಹೋಟೆಲು. ಹೆಸರೇ ಹೇಳುವಂತೆ ನಮ್ಮ ಜಾತಿಯದು. ಮುಂದೆ ಸಾಹಿತಿಗಳು ಬಂದು ಕೂತರು, ಪತ್ರಿಕೆಗಳು ಬರೆದವು, ಪರದೇಶದವರೂ ಹುಡುಕಿಕೊಂಡು ಬಂದರು. ಇಷ್ಟಾದರೂ ಬೆಂಚು ಕುರ್ಚಿಗಳ ಹಳೆಯ ಹಾಲು, ದಪ್ಪನೆಯ ಗರಿಗರಿ ಮಸಾಲೆ ದೋಸೆ, ನೀರಾದ ಚಟ್ನಿ ಹಾಗೆಯೇ ಇವೆ. ಪರಿಚಾರಕ ಒಂದರ ಮೇಲೊಂದು ತಟ್ಟೆ ಪೇರಿಸಿ ತೋಳಿನುದ್ದಕ್ಕೆ ಹೊತ್ತು ತರುವುದನ್ನು ಕಂಡು ನಮ್ಮ ಜೊತೆಗಿದ್ದ ಇನ್ನೊಬ್ಬ ಹುಡುಗ ಗುರುತ್ವಕೇಂದ್ರದ ಬಗ್ಗೆ ತಾನಾಗಿಯೇ ಮಾತಾಡಿದ. ಅದು ನನಗೆ ಆ ಪ್ರವಾಸದ ಮೊದಲ ಬಹುಮಾನ.

ಹೊರಗೆ ಸಾಲಿನಲ್ಲಿ ಕಾಯುವಾಗ ಸಿಂಗಪುರದ ಕಥೆ ಹೇಳಿದ್ದೆ. ಟೈರು ಮಾರುವ ಮಿಶೆಲಿನ್ ಕಂಪನಿ, ಜನ ಕಾರಿನಲ್ಲಿ ಹೆಚ್ಚು ತಿರುಗಲಿ, ಟೈರು ಸವೆಯಲಿ ಎಂದು 1900ರಲ್ಲಿ ಫ್ರಾನ್ಸಿನಲ್ಲಿ ಪುಸ್ತಕವೊಂದನ್ನು ತಂದಿತು. ಅದೇ ಈಗ ಜಗತ್ತಿನ ಹೋಟೆಲುಗಳಿಗೆ ನಕ್ಷತ್ರ ಕೊಡುತ್ತದೆ. 2016ರಲ್ಲಿ ಸಿಂಗಪುರದ ಮಾರುಕಟ್ಟೆಯೊಳಗೆ ಅನ್ನದ ಜೊತೆ ಕೋಳಿ ಮಾರುವ ಚಾನ್ ಹೊನ್ ಮೆಂಗ್ ಎಂಬವರ ಸಣ್ಣ ಅಂಗಡಿಗೆ ಒಂದು ನಕ್ಷತ್ರ ಸಿಕ್ಕಿತು. ಜನ ಮುಗಿಬಿದ್ದರು, ಶಾಖೆಗಳಾದವು. 2021ರಲ್ಲಿ ನಕ್ಷತ್ರ ಹೋಯಿತು. “ಕೊಟ್ಟಿದ್ದನ್ನ ಕಸ್ಕೋತಾರೇನ್ರಿ ಸರ?” ಎಂದು ಆ ತಾಯಿ ನಿಜವಾಗಿ ನೊಂದುಕೊಂಡರು. ಅದಕ್ಕೆ ಸಮಾಧಾನವಾಗಿ ಎಂಟಿಆರ್ ಹೋಟೆಲಿನ ಕಥೆ ಹೇಳಿದೆ. 1924ರಲ್ಲಿ ಮೈಯ ಸಹೋದರರು ಸಣ್ಣದಾಗಿ ಶುರು ಮಾಡಿದ್ದು. ಎರಡನೇ ಮಹಾಯುದ್ಧದಲ್ಲಿ ಅಕ್ಕಿ ಸಿಗದಾದಾಗ ರವೆಯಿಂದ ಇಡ್ಲಿ ಮಾಡಿ ನೋಡಿದ್ದು ತಾವೇ ಎಂದು ಅವರು ಹೇಳಿಕೊಳ್ಳುತ್ತಾರೆ. ತುರ್ತು ಪರಿಸ್ಥಿತಿಯಲ್ಲಿ ಸರ್ಕಾರ ತಿಂಡಿಯ ಬೆಲೆ ಇಳಿಸಿದಾಗ ಗುಣ ಕೆಡಿಸದೆ ನಷ್ಟಕ್ಕೇ ಮಾರಿ, ದಿನದ ನಷ್ಟವನ್ನು ಬಾಗಿಲಲ್ಲಿ ಬರೆದು ಹಾಕುತ್ತಿದ್ದರಂತೆ. ಆಕೆಗೆ ಇದು ಹಿಡಿಸಿತು. “ನಷ್ಟಾನೂ ಬರೀಬೌದಲ್ಲ” ಎಂದು ಎರಡು ಸಲ ಹೇಳಿಕೊಂಡರು.

ಪ್ರದರ್ಶನದಲ್ಲಿ ನಮಗೆ ಬಹುಮಾನ ಬರಲಿಲ್ಲ. ಒಬ್ಬ ತೀರ್ಪುಗಾರರು ಮಾತ್ರ ಒಲೆಯ ಮುಂದೆ ಬಹಳ ಹೊತ್ತು ನಿಂತರು. “ಇದನ್ನು ಎಲ್ಲಿ ಉರಿಸಿ ನೋಡಿದೆಯಮ್ಮ?” ಎಂದು ಕೇಳಿದರು. ಹುಡುಗಿ ತಡವರಿಸಿದಳು. ನಾನು ಬೇಕೆಂದೇ ಬೇರೆ ಕಡೆ ನೋಡಿದೆ.

“ನಮ್ಮ ಹೋಟ್ಲಲ್ಲಿ ಸಾರ್.”

“ಯಾವ ಹೋಟ್ಲು?”

“ಹೆಸರಿಲ್ಲ ಸಾರ್. ನಮ್ಮವ್ವಂದು. ಅಲ್ಲಿ ನಿಂತಾರಲ್ಲ, ಅವರು.”

ತಾಯಿ ಸೆರಗು ಸರಿಮಾಡಿಕೊಂಡು ಗೋಡೆಯ ಕಡೆ ತಿರುಗಿದರು.

ಊರಿಗೆ ಬಂದ ಎರಡನೆಯ ದಿನ ಸಂಜೆ ಅಂಗಡಿಗೆ ಹೋದೆ. ಮಿರ್ಚಿ ಕೊಟ್ಟು ಆಕೆ ಎದುರಿಗೇ ನಿಂತರು. “ದೊಡ್ಡ ದೊಡ್ಡ ಹೋಟ್ಲು ತೋರ್ಸಿದ್ರಿ ಸರ. ಈಗ ಹೇಳ್ರಿ, ನಮ್ದಕ್ಕೆ ಎಷ್ಟು ಮಾರ್ಕ್ಸು?”

ಹೊಗಳಿ ಎದ್ದು ಬರಬಹುದಿತ್ತು. ಇಷ್ಟು ವರ್ಷ ಮಾಡಿದ್ದೂ ಅದನ್ನೇ. ಹಿಟ್ಟಿನ ಹದ, ಓಂಕಾಳಿನ ಹದ, ಮೆಣಸಿನಕಾಯಿಯ ಆಯ್ಕೆ ಯಾವುದರಲ್ಲೂ ಕೊರತೆಯಿಲ್ಲ. ಆದರೆ ಬಾಣಲೆಯ ಎಣ್ಣೆ ಕಪ್ಪಗಾಗಿತ್ತು. ಪದೇ ಪದೇ ಕಾಯಿಸಿದ ಎಣ್ಣೆ ಒಡೆದು ದೇಹಕ್ಕೆ ಒಗ್ಗದ ಪದಾರ್ಥಗಳಾಗುತ್ತವೆ. ‘ಪೋಲಾರ್ ಸಂಯುಕ್ತಗಳು’ ಶೇ. 25 ದಾಟಿದ ಎಣ್ಣೆಯನ್ನು ಬಳಸಬಾರದೆಂದು 2018ರ ಜುಲೈನಿಂದ ದೇಶದಲ್ಲಿ ನಿಯಮವೇ ಇದೆ. ಹಳ್ಳಿಯಲ್ಲಿ ಅಳೆಯುವ ಯಂತ್ರ ಎಲ್ಲಿಂದ ಬರಬೇಕು? ಬಣ್ಣ ಕಪ್ಪಾಗುವುದು, ಅಂಟಂಟಾಗುವುದು, ನೊರೆ ನಿಲ್ಲುವುದು, ಸ್ವಲ್ಪ ಕಾವಿಗೇ ಹೊಗೆಯಾಡುವುದು, ಇವನ್ನೇ ನೋಡಬೇಕು. ಇದನ್ನು ಕ್ಲಾಸಿನಲ್ಲಿ ಹೇಳಿದವನು, ಅದೇ ಮಕ್ಕಳು ಸಂಜೆ ತಿನ್ನುವ ಬಾಣಲೆಯ ಮುಂದೆ ಬಾಯಿ ಬಿಟ್ಟಿರಲಿಲ್ಲ. ಅಂದು ಹೇಳಿದೆ.

ಆಕೆಯ ಮುಖ ಸಣ್ಣದಾಯಿತು. “ಡಬ್ಬಿ ಎಣ್ಣಿಗೆ ಎಷ್ಟು ಅಂತ ಗೊತ್ತೇನ್ರಿ ಸರ?” ಎಂದರು. ಅದು ಸಿಟ್ಟಲ್ಲ, ಲೆಕ್ಕ. ಮಗಳು ಒಳಗಿನಿಂದ ನೋಟುಬುಕ್ಕು ತಂದು ತಾಯಿಯ ಪಕ್ಕ ಕೂತಳು. ಎಷ್ಟು ದಿನಕ್ಕೆ ಎಷ್ಟು ಎಣ್ಣೆ, ಎಷ್ಟು ಮಿರ್ಚಿ, ಹೊಸ ಒಲೆಯಲ್ಲಿ ಉಳಿಯುವ ಕಟ್ಟಿಗೆ ಎಷ್ಟು ಎಂದು ಇಬ್ಬರೂ ಕೂಡಿಸಿ ಕಳೆಯುತ್ತಿದ್ದಾಗ ನಾನು ಎದ್ದು ಬಂದೆ.

ಈಗ ಮಿರ್ಚಿಗೆ ಒಂದು ರೂಪಾಯಿ ಹೆಚ್ಚಾಗಿದೆ. ಚಪ್ಪರದ ಕಂಬಕ್ಕೆ ಸ್ಲೇಟೊಂದನ್ನು ತೂಗುಹಾಕಿದ್ದಾರೆ. ಎಣ್ಣೆ ಬದಲಾಯಿಸಿದ ದಿನವನ್ನು ಅದರಲ್ಲಿ ಮಗಳು ಬರೆಯುತ್ತಾಳೆ. ಗೊಣಗುತ್ತಾ ಬೇರೆ ಅಂಗಡಿಗೆ ಹೋದವರಲ್ಲಿ ಕೆಲವರು ತಿರುಗಿ ಬಂದಿದ್ದಾರೆ, ಕೆಲವರು ಬಂದಿಲ್ಲ. ನನಗೆ ಮಾತ್ರ ಮೊದಲಿನಂತೆ ಕೇಳದೆಯೇ ಎರಡು ಹೆಚ್ಚು ಮಿರ್ಚಿ ಹಾಕುವುದನ್ನು ಆ ತಾಯಿ ನಿಲ್ಲಿಸಿಬಿಟ್ಟಿದ್ದಾರೆ.