ನಾಲ್ಕು ನಿಮಿಷಕ್ಕೆ ಎಂಟು ಬೀಡಿ

ನಮ್ಮ ಬಂಟ್ವಾಳದ ಮನೆಯಲ್ಲಿ ದೊಡ್ಡಮ್ಮ ಕೈ ಖಾಲಿ ಇಟ್ಟುಕೊಂಡು ಕೂತದ್ದನ್ನು ನಾನು ಕಂಡಿಲ್ಲ. ಮಡಿಲಲ್ಲಿ ತಡ್ಪೆ, ಅದರಲ್ಲಿ ಎಲೆ, ಹೊಗೆಸೊಪ್ಪು, ನೂಲು. ಕತ್ತು ಬಗ್ಗಿಸಿ ಬೀಡಿ ಕಟ್ಟಿಯೇ ಮೂವರು ಮಕ್ಕಳನ್ನು ಓದಿಸಿದವರು. ಆ ಕತ್ತಿನ ನೋವು ಕೈಗಿಳಿದು ಬೆರಳು ಜೋಮು ಹಿಡಿಯತೊಡಗಿದಾಗ ಡಾಕ್ಟರು ಎಂಆರ್‌ಐ ಬರೆದುಕೊಟ್ಟರು.

ಸ್ಕ್ಯಾನಿಂಗ್ ಕೋಣೆಯಿಂದ ಹೊರಬಂದಾಗ ಅವರ ಕಣ್ಣಲ್ಲಿ ನೀರು. "ನಾನು ಅಲ್ಲಾಡ್ಲೇ ಇಲ್ಲ ಮಗಾ. ಆದ್ರೂ ಬೈದ್ರು." ಚಿತ್ರ ಕೆಟ್ಟಿತ್ತು. ಇನ್ನೊಂದು ದಿನ ಬರಬೇಕಿತ್ತು.

ದೊಡ್ಡಮ್ಮ ಹೇಳಿದ್ದು ನಿಜ. ಕೈಕಾಲು ಆಡಿಸಿರಲಿಲ್ಲ. ಹೆದರಿಕೆಗೆ ಮತ್ತೆ ಮತ್ತೆ ಉಗುಳು ನುಂಗಿದ್ದರು, ಅಷ್ಟೆ.

ಮೂಡುಬಿದಿರೆಯ ಸ್ಟುಡಿಯೋದಲ್ಲಿ ತೆಗೆಸಿದ ನಮ್ಮ ಹಳೆಯ ಫೋಟೋ ಒಂದಿದೆ. ತಲೆ ತಿರುಗಿಸಿದ ಮಗುವಿನ ಮುಖ ಮಾತ್ರ ಮಸುಕು, ಉಳಿದವರೆಲ್ಲ ನಿಚ್ಚಳ. ಎಂಆರ್‌ಐ ಹಾಗಲ್ಲ. ದೇಹದ ನೀರಿನಲ್ಲಿ, ಕೊಬ್ಬಿನಲ್ಲಿ ಇರುವ ಹೈಡ್ರೋಜನ್‌ನಿಂದ ಹೊಮ್ಮುವ ಸಂಕೇತಗಳನ್ನು ಅದು ನಿಮಿಷಗಟ್ಟಲೆ ಸಾಲುಸಾಲಾಗಿ ಕೂಡಿಹಾಕುತ್ತದೆ. ಒಂದೊಂದು ಸಾಲಿನಲ್ಲೂ ಇಡೀ ಚಿತ್ರದ ಪಾಲಿರುತ್ತದೆ. ಹಾಗಾಗಿ ನಡುವೆ ಗಂಟಲು ಮೇಲೆ ಕೆಳಗೆ ಸರಿದರೆ ಗಂಟಲಿನ ಜಾಗವಷ್ಟೇ ಕೆಡುವುದಿಲ್ಲ, ಹಿಂದಿರುವ ನರಹುರಿಯ ಮೇಲೂ ಅದರ ನೆರಳು ಬೀಳಬಹುದು. ಉಸಿರಾಟದಂತೆ ಲಯವಿರುವ ಚಲನೆಯಾದರೆ ಹೊಟ್ಟೆಯ ಅಂಚು ಸಮದೂರದಲ್ಲಿ ಮತ್ತೆ ಮತ್ತೆ ಮೂಡುತ್ತದೆ. ರೇಡಿಯಾಲಜಿಯವರು ಅದನ್ನು 'ಘೋಸ್ಟ್' ಎನ್ನುತ್ತಾರೆ. ಸಿಟಿ ಸ್ಕ್ಯಾನ್ ಕೆಲವೇ ಸೆಕೆಂಡುಗಳಲ್ಲಿ ಮುಗಿಯುವುದರಿಂದ ಅಲ್ಲಿ ಈ ಕಾಟ ಕಡಿಮೆ.

ದೊಡ್ಡಮ್ಮನ ತವರು ಬೆಳ್ತಂಗಡಿ ತಾಲೂಕಿನ ವೇಣೂರು. ಅಲ್ಲಿ ತಿಮ್ಮಣ್ಣ ಅಜಿಲರು 1604ರಲ್ಲಿ ನಿಲ್ಲಿಸಿದ 35 ಅಡಿಯ ಗೊಮ್ಮಟನಿದ್ದಾನೆ. ಮೈಗೆ ಬಳ್ಳಿ ಹಬ್ಬಿದರೂ ಕದಲದ ಕಾಯೋತ್ಸರ್ಗದ ನಿಲುವು. ಅರಸುತನ ಬಿಟ್ಟು ತಪಸ್ಸಿಗೆ ನಿಂತವನಿಗೆ ಒಲಿದ ಆ ನಿಶ್ಚಲತೆಯನ್ನು ನೋವು ತಿನ್ನುತ್ತಿರುವ ಹೆಂಗಸಿನಿಂದ, ಇಕ್ಕಟ್ಟಾದ ಕೊಳವೆಯೊಳಗೆ, ಕಿವಿಗಡಚಿಕ್ಕುವ ಸದ್ದಿನ ನಡುವೆ, 'ಅಲ್ಲಾಡಬೇಡಿ' ಎಂಬ ಒಂದೇ ಮಾತಿಗೆ ಬಯಸುತ್ತೇವೆ. ಅದು ಸಿಗದಿದ್ದರೆ ಬೈಯುತ್ತೇವೆ. ನನಗೆ ಇದು ಅನ್ಯಾಯವೆಂದೇ ಕಾಣುತ್ತದೆ.

ಎರಡನೆಯ ಸಲ ಇದ್ದವಳು ಬೇರೆ ಹುಡುಗಿ. ಮೊಣಕಾಲಿನ ಕೆಳಗೆ ದಿಂಬಿಟ್ಟಳು, ಕಂಬಳಿ ಹೊದಿಸಿದಳು, ಬೇಕಾದರೆ ಕರೆಯಲೆಂದು ಒತ್ತುವ ರಬ್ಬರಿನ ಚೆಂಡನ್ನು ಕೈಗೆ ಕೊಟ್ಟಳು. "ಅಮ್ಮ, ಸದ್ದು ಬರುವಾಗ ಉಗುಳು ನುಂಗ್ಬೇಡಿ. ಸದ್ದು ನಿಂತಾಗ ನುಂಗಿ. ಒಂದೊಂದು ಸಲಕ್ಕೆ ನಾಲ್ಕು ನಿಮಿಷ."

ಈ ಬಾರಿ ಚಿತ್ರದಲ್ಲಿ ಕತ್ತಿನ ಡಿಸ್ಕ್ ನರವನ್ನು ಒತ್ತುತ್ತಿದ್ದ ಜಾಗ ಸ್ಪಷ್ಟವಾಗಿ ಕಂಡಿತು. ಬಸ್ಸಿನಲ್ಲಿ ಮರಳುವಾಗ ಹೇಗೆ ತಡೆದುಕೊಂಡಿರಿ ಎಂದು ಕೇಳಿದೆ.

"ನಾಲ್ಕು ನಿಮಿಷ ಅಂದ್ರೆ ಎಂಟು ಬೀಡಿ. ಮನಸ್ಸಲ್ಲೇ ಕಟ್ಟಿದೆ. ಎಂಟನೇದಕ್ಕೆ ನೂಲು ಸುತ್ತುವಾಗ ಸದ್ದು ನಿಲ್ತಿತ್ತು," ಎಂದರು.