ಸೌರಫಲಕದೊಡನೆ ಮಾರ್ಖಾ ಕಣಿವೆಗೆ

ಹಿಮಾಲಯದ ಆಚೆಯ ಮಗ್ಗುಲಿನ ಲಡಾಖ್ ಮಳೆಯ ನಾಡಲ್ಲ, ಬಿಸಿಲಿನ ನಾಡು. ಸುಮಾರು 3,500 ಮೀಟರ್ ಎತ್ತರದಲ್ಲಿರುವ ಲೇಹ್ ಪಟ್ಟಣದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 100 ಮಿಲಿಮೀಟರ್ ಮಾತ್ರ. ಅಲ್ಲಿ ಗಾಳಿ ತೆಳು, ಆಕಾಶ ನಿರ್ಮಲ, ಬಿಸಿಲು ತೀಕ್ಷ್ಣ. ಈ ನಾಡಿನ ಹೇಮಿಸ್ ರಾಷ್ಟ್ರೀಯ ಉದ್ಯಾನದೊಳಗಿದೆ ಮಾರ್ಖಾ ಕಣಿವೆ. ಆರೇಳು ದಿನಗಳ ಈ ಕಾಲ್ನಡಿಗೆಯಲ್ಲಿ ಎಲ್ಲೆಡೆ ವಿದ್ಯುತ್ತನ್ನು ನೆಚ್ಚುವಂತಿಲ್ಲವಾದ್ದರಿಂದ, ಮಡಚುವ ಸೌರಫಲಕವೊಂದನ್ನು ಅನೇಕರು ಜೊತೆಗೆ ಒಯ್ಯುತ್ತಾರೆ.

ಇದನ್ನು ಕೇವಲ ಛಾಯಾಚಿತ್ರ ತೆಗೆಯುವವರ ಅನುಕೂಲವೆಂದು ಭಾವಿಸಬಾರದು. ಎತ್ತರದ ತಾಣದಲ್ಲಿ ನಡುರಾತ್ರಿ ಸಂಗಡಿಗರೊಬ್ಬರಿಗೆ ಪರ್ವತವ್ಯಾಧಿ ಉಲ್ಬಣಿಸಿದರೆ, ಅವರನ್ನು ತಡಮಾಡದೆ ಕೆಳಕ್ಕಿಳಿಸುವುದೇ ಮುಖ್ಯ ಚಿಕಿತ್ಸೆ. ಆಗ ತಲೆಗೆ ಕಟ್ಟಿದ ದೀಪ ಬೆಳಗಬೇಕು. ಮೊಬೈಲಿನಲ್ಲಿ ದಾರಿಯ ನಕ್ಷೆ ಕಾಣಬೇಕು. ಫಲಕ ಹಗಲಿನಲ್ಲಿಯೇ ಕೆಟ್ಟಿತ್ತೆಂದು ಆ ಹೊತ್ತಿನಲ್ಲಿ ತಿಳಿದರೆ ಏನು ಪ್ರಯೋಜನ?

ಬಟ್ಟೆಯ ಚೀಲದಂತೆ ಮಡಚಿಕೊಳ್ಳುವುದರಿಂದ ಫಲಕವು ಮೆತ್ತಗಿನ ವಸ್ತುವೆಂಬ ಭ್ರಮೆ ಹುಟ್ಟುತ್ತದೆ. ಒಳಗಿನ ಸಿಲಿಕಾನ್ ಬಿಲ್ಲೆಗಳಾದರೋ ಸುಮಾರು 0.2 ಮಿಲಿಮೀಟರಿನಷ್ಟೇ ದಪ್ಪ. ಒತ್ತಿದರೆ ಹಪ್ಪಳದಂತೆ ಸೀಳುತ್ತವೆ. ಪ್ಲಾಸ್ಟಿಕ್ ಹೊದಿಕೆಯ ಕೆಳಗಿನ ಬಿರುಕು ಎಷ್ಟೋ ಸಲ ಕಣ್ಣಿಗೆ ಕಾಣದು. ವಿದ್ಯುತ್ತು ಮಾತ್ರ ಇಳಿಯುತ್ತದೆ. ಆದುದರಿಂದ ಫಲಕವನ್ನು ಅದರ ಮಡಿಕೆಯ ಗೆರೆಯಲ್ಲಿಯೇ ಮಡಚಬೇಕು. ಬೆನ್ನುಚೀಲದಲ್ಲಿ ಬೆನ್ನಿಗೆ ತಾಗುವ ಬದಿಯಲ್ಲಿ, ಉಣ್ಣೆಯ ಬಟ್ಟೆಗಳ ನಡುವೆ ಇರಿಸಬೇಕು. ಒಲೆ, ಪಾತ್ರೆ, ನೀರಿನ ಬಾಟಲಿಗಳು ಅದಕ್ಕೆ ಒತ್ತಬಾರದು.

ಜಾಗರೂಕತೆ ವಿಮಾನ ನಿಲ್ದಾಣದಲ್ಲಿಯೇ ಆರಂಭವಾಗಬೇಕು. ವಿದ್ಯುತ್ ಸಂಗ್ರಹಿಸುವ ಪವರ್ ಬ್ಯಾಂಕನ್ನು ಕೈಚೀಲದಲ್ಲಿಯೇ ಒಯ್ಯಬೇಕು. ವಿಮಾನದ ಸರಕಿನಲ್ಲಿ ಹಾಕುವುದು ನಿಷಿದ್ಧ. 100 ವ್ಯಾಟ್-ಅವರ್ ಮೀರಿದ್ದರೆ ವಿಮಾನ ಸಂಸ್ಥೆಯ ಅನುಮತಿ ಬೇಕು. ಸಾಮಾನ್ಯವಾಗಿ ಸಿಗುವ 20,000 ಮಿಲಿಆಂಪ್-ಅವರ್ ಸಾಧನದ ಪ್ರಮಾಣ ಸುಮಾರು 74, ಚಿಂತೆಯಿಲ್ಲ.

ಲೇಹ್‌ನಲ್ಲಿ ಮೈಯನ್ನು ಎತ್ತರಕ್ಕೆ ಒಗ್ಗಿಸಿಕೊಳ್ಳಲು ತಂಗುವ ದಿನಗಳಲ್ಲಿ ಫಲಕವನ್ನು ಬಿಸಿಲಿಗೊಡ್ಡಿ ಪರೀಕ್ಷಿಸುವುದು ಲೇಸು. ಚಿಲ್ಲಿಂಗ್, ಸ್ಕಿಯು ಕಡೆಯಿಂದ ಮುಂದೆ ಸಾಮಾನುಗಳನ್ನು ಕುದುರೆಗಳ ಮೇಲೆ ಹೇರುವುದುಂಟು. ಹೊರೆ ಜಾರದಂತೆ ಹಗ್ಗವನ್ನು ಬಿಗಿದು ಕಟ್ಟುತ್ತಾರೆ. ಪ್ರಾಣಿ ಬಂಡೆಗೆ ಉಜ್ಜಿಕೊಂಡು ನಡೆಯುತ್ತದೆ. ಆ ಹೊರೆಯೊಳಗೆ ಫಲಕವನ್ನಿಡದೆ ತಾವೇ ಹೊರುವುದು ಕ್ಷೇಮ. ಬೆನ್ನುಚೀಲದ ಹೊರಗೆ ಅದನ್ನು ಬಿಚ್ಚಿ ತೂಗುಹಾಕುವ ರೂಢಿ ಅಗಲವಾದ ಹಾದಿಗೆ ಸರಿ. ಕಡಿದಾದ ಕಿರುದಾರಿಯಲ್ಲಿ ಬಂಡೆಗೆ ಸಿಕ್ಕಿಕೊಂಡರೆ, ಬಿರುಗಾಳಿ ಹಾಯಿಯಂತೆ ತುಂಬಿಕೊಂಡರೆ, ಹೊತ್ತವರ ಕಾಲೇ ತಪ್ಪಬಹುದು.

ಮಾರ್ಖಾ ನದಿಯನ್ನು ಕೆಲವೆಡೆ ನೀರಿಗಿಳಿದೇ ದಾಟಬೇಕಾಗುತ್ತದೆ. ಹಿಮ ಕರಗಿ ಮಧ್ಯಾಹ್ನಕ್ಕೆ ನೀರೇರುವುದರಿಂದ ಮುಂಜಾನೆಯೇ ಯೋಗ್ಯ ಸಮಯ. ಫಲಕ, ಪವರ್ ಬ್ಯಾಂಕ್, ತಂತಿಗಳನ್ನು ನೀರು ನುಸುಳದ ಚೀಲದಲ್ಲಿ ಕಟ್ಟಿರಬೇಕು. ನೆನೆದರೆ ಒರಸಿ, ಪೂರ್ತಿ ಒಣಗಿಸಿದ ಮೇಲೆಯೇ ತಂತಿ ಜೋಡಿಸಬೇಕು.

ಮಾರ್ಖಾ, ಹಂಕರ್ ಗ್ರಾಮಗಳನ್ನು ದಾಟಿದರೆ ನಿಮಾಲಿಂಗ್ ಹುಲ್ಲುಗಾವಲು; ಎದುರಿಗೆ ಸುಮಾರು 6,400 ಮೀಟರಿನ ಕಾಂಗ್ ಯಾತ್ಸೆ ಶಿಖರ. ಇಲ್ಲಿ ಮೇಯುವ ಯಾಕ್, ಕುರಿಗಳ ಗೊರಸಿನಡಿ ಸಿಕ್ಕಿದ ಫಲಕ ಉಳಿಯದು. ನೆಲದಲ್ಲಿ ಹಾಸದೆ ಬಂಡೆಗೆ ಒರಗಿಸಿ, ಗಾಳಿಗೆ ಹಾರದಂತೆ ಕಟ್ಟಬೇಕು. ಬಿಸಿಲು ಫಲಕಕ್ಕಿರಲಿ, ನೆರಳು ಪವರ್ ಬ್ಯಾಂಕಿಗಿರಲಿ. ಇಲ್ಲಿಯ ರಾತ್ರಿ ಬೇಸಗೆಯಲ್ಲಿಯೂ ಹೆಪ್ಪುಗಟ್ಟಿಸಬಲ್ಲದು. ಲಿಥಿಯಂ ಬ್ಯಾಟರಿಗೆ ಶೂನ್ಯ ಡಿಗ್ರಿಗಿಂತ ಕೆಳಗೆ ವಿದ್ಯುತ್ ತುಂಬಿದರೆ ಅದು ಶಾಶ್ವತವಾಗಿ ಹಾಳಾಗುತ್ತದೆ. ಆದ್ದರಿಂದ ಮಲಗುವ ಚೀಲದೊಳಗೆ ಬೆಚ್ಚಗಿರಿಸಿ, ಬೆಳಿಗ್ಗೆ ಬಿಸಿಲೇರಿದ ಮೇಲೆ ತುಂಬತಕ್ಕದ್ದು.

ಮರುದಿನ 5,000 ಮೀಟರಿಗೂ ಮೀರಿದ ಕೊಂಗ್‌ಮಾರು ಲಾ ಕಣಿವೆದಾರಿಯನ್ನೇರುವಾಗ ಫಲಕ ಮಡಚಿ ಚೀಲದೊಳಗಿರಬೇಕು. ಆಚೆಗಿಳಿದರೆ ಶಾಂಗ್ ಸುಮ್ದೋ, ಅಲ್ಲಿಂದ ವಾಹನದ ದಾರಿ. ಒಂದು ವೇಳೆ ಫಲಕ ಮುರಿದಿದ್ದರೂ, ಬ್ಯಾಟರಿ ಕೆಟ್ಟಿದ್ದರೂ ಅಲ್ಲಿ ಬಿಸುಡದೆ ಊರಿಗೆ ತರಬೇಕು. ಅದು ಹಿಮಚಿರತೆಯ ನೆಲೆ. ಆ ನದಿಯ ನೀರನ್ನೇ ನೆಚ್ಚಿ ಕಣಿವೆಯ ಜನ ಬಾರ್ಲಿ ಬೆಳೆಯುತ್ತಾರೆ. ಅವರ ಬಿಸಿಲನ್ನು ಬಳಸಿಕೊಂಡ ಅತಿಥಿಗಳು ಅವರ ನೆಲವನ್ನು ಶುಚಿಯಾಗಿ ಬಿಟ್ಟು ಬರುವುದು ಉಚಿತ.