ಓದುವವರನ್ನು ಕಂಡು ಬರೆಯುವುದು

ಅನುಭವ ಇಲ್ಲದವರಿಗೆ ಕೆಲಸ ಕೊಡುವವರಿಲ್ಲ. ಕೆಲಸ ಸಿಗದೆ ಅನುಭವ ಬರುವುದಿಲ್ಲ. ತಾಂತ್ರಿಕ ಬರವಣಿಗೆಯ ಕ್ಷೇತ್ರಕ್ಕೆ ಬರಬಯಸುವ ನಮ್ಮ ಯುವಕ ಯುವತಿಯರು ಮೊದಲು ಎದುರಿಸುವ ಬಿಕ್ಕಟ್ಟು ಇದು. ಯಂತ್ರವಿರಲಿ, ತಂತ್ರಾಂಶವಿರಲಿ, ಔಷಧವಿರಲಿ, ಅದನ್ನು ಹೇಗೆ ಬಳಸಬೇಕೆಂದು ಬಳಸುವವರಿಗೆ ತಿಳಿಯುವಂತೆ ಬರೆದುಕೊಡುವುದೇ ಈ ಕೆಲಸ. ಬೆಂಗಳೂರಿನ ತಂತ್ರಾಂಶ ಕಂಪೆನಿಗಳಲ್ಲಿ ಇದಕ್ಕೆಂದೇ ನೌಕರರಿದ್ದಾರೆ. ಹೊಸಬರನ್ನು ಅಳೆಯಲು ಅಲ್ಲಿ ಅಂಕಪಟ್ಟಿ ಸಾಲದು, ಪೋರ್ಟ್‌ಫೋಲಿಯೊ ಬೇಕು. ಅಂದರೆ ಸ್ವತಃ ಬರೆದ ಮಾದರಿಗಳ ಸಂಗ್ರಹ.

ನನ್ನ ಅಕ್ಕನ ಮಗಳು ವಿಜ್ಞಾನ ಪದವಿ ಮುಗಿಸಿ ಇಂತಹ ಸಂಗ್ರಹ ಸಿದ್ಧಪಡಿಸತೊಡಗಿದಳು. ಮೊದಲ ಮಾದರಿ ಒಂದು ಮೊಬೈಲ್ ಆ್ಯಪ್‌ನ ವರ್ಣನೆ. ಯಾವ ಬಟನ್ ಎಲ್ಲಿದೆ ಎಂಬುದೆಲ್ಲ ಅದರಲ್ಲಿತ್ತು. "ಇದನ್ನು ಯಾರು, ಯಾವ ಹೊತ್ತಿನಲ್ಲಿ ಓದುತ್ತಾರೆ?" ಎಂದು ಕೇಳಿದೆ. "ಮತ್ತೆ ಯಾರಿಗೆ ಬರೆಯಲಿ, ಚಿಕ್ಕಮ್ಮ?" ಎಂದಳು. ಮನೆಯಲ್ಲಿದ್ದ ಓಆರ್‌ಎಸ್ ಪೊಟ್ಟಣವನ್ನು ಅವಳ ಕೈಗಿತ್ತೆ. "ರಾತ್ರಿ ಎರಡು ಗಂಟೆ. ಮಗುವಿಗೆ ಭೇದಿ. ಮನೆಯಲ್ಲಿ ತಾಯಿ ಒಬ್ಬಳೇ. ಅವಳಿಗಾಗಿ ಅರ್ಧ ಪುಟ ಬರೆ."

ಬರೆದಳು. ಅದನ್ನು ಪಕ್ಕದ ಮನೆಯ ಸೊಸೆಗೆ ಕೊಟ್ಟು, ಏನೂ ಹೇಳಿಕೊಡದೆ ಸುಮ್ಮನೆ ನೋಡುತ್ತಾ ಕೂರುವಂತೆ ಹೇಳಿದೆ. 'ಪುಡಿಯನ್ನು ನೀರಿನಲ್ಲಿ ಕರಗಿಸಿ' ಎಂಬ ಸಾಲನ್ನು ಓದಿದ ಆಕೆ ಇಡೀ ಪೊಟ್ಟಣವನ್ನು ಒಂದು ಲೋಟ ನೀರಿಗೆ ಸುರಿಯಲು ಹೊರಟಳು! ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2002ರಲ್ಲಿ ಪರಿಷ್ಕರಿಸಿದ ಸೂತ್ರದಂತೆ 20.5 ಗ್ರಾಂ ಪುಡಿಗೆ ಒಂದು ಲೀಟರ್ ನೀರು ಬೇಕು. ನೀರು ಕಡಿಮೆಯಾದರೆ ಮಗುವಿನ ರಕ್ತದಲ್ಲಿ ಉಪ್ಪಿನಂಶ ಏರಿ ಪ್ರಾಣಕ್ಕೇ ಅಪಾಯವಾಗಬಹುದು. ಅಂಗಡಿಗಳಲ್ಲಿ 200 ಮಿಲಿಲೀಟರ್ ನೀರಿಗೆ ಬೆರೆಸುವ ಸಣ್ಣ ಪೊಟ್ಟಣಗಳೂ ಸಿಗುತ್ತವೆ. ಅಳೆಯುವ ಪಾತ್ರೆ ಎಷ್ಟು ಮನೆಗಳಲ್ಲಿದೆ?

ಎರಡನೆಯ ಬಾರಿ ಬರೆಯುವಾಗ ಮೊದಲ ಸಾಲೇ ಬದಲಾಯಿತು: 'ಎಷ್ಟು ನೀರು ಬೇಕೆಂದು ಪೊಟ್ಟಣದ ಮೇಲೆ ನೋಡಿ. ಒಂದು ಲೀಟರ್ ಎಂದಿದ್ದರೆ, ಒಂದು ಲೀಟರಿನ ನೀರಿನ ಬಾಟಲಿಯಿಂದ ಅಳೆಯಿರಿ.' ಬೇರೆ ಸಕ್ಕರೆ, ಉಪ್ಪು ಸೇರಿಸಬಾರದು, 24 ಗಂಟೆ ಕಳೆದರೆ ಉಳಿದುದನ್ನು ಚೆಲ್ಲಬೇಕು ಎಂಬ ಸೂಚನೆಗಳು ಪ್ರತ್ಯೇಕ ಸಾಲುಗಳಾದವು.

ಐಬಿಎಂ ಕಂಪೆನಿಯ ಸಂಶೋಧಕ ಜಾನ್ ಕ್ಯಾರಲ್ 1980ರ ದಶಕದಲ್ಲಿ ಕಂಪ್ಯೂಟರ್ ಕಲಿಯುವವರನ್ನು ಹೀಗೆಯೇ ಗಮನಿಸಿದ್ದರು. ಜನರು ಕೈಪಿಡಿಯನ್ನು ಮೊದಲಿನಿಂದ ಕೊನೆಯವರೆಗೆ ಓದುವುದಿಲ್ಲ, ನೇರವಾಗಿ ಕೆಲಸಕ್ಕೆ ಕೈಹಾಕುತ್ತಾರೆ ಎಂದು ಅವರು ಕಂಡುಕೊಂಡರು. ಆದ್ದರಿಂದ ಕೈಪಿಡಿ ಚಿಕ್ಕದಾಗಿರಬೇಕು, ಎಡವಿದವರಿಗೆ ಎದ್ದು ಬರುವ ದಾರಿಯನ್ನೂ ತೋರಿಸಬೇಕು ಎಂದು 1990ರಲ್ಲಿ ತಮ್ಮ ಪುಸ್ತಕದಲ್ಲಿ ವಿವರಿಸಿದರು.

ಹೊಸಬರಿಗೆ ಮೂರು ಮಾದರಿಗಳು ಸಾಕು. ಒಂದು ಕೆಲಸವನ್ನು ಹಂತ ಹಂತವಾಗಿ ಕಲಿಸುವ ಬರಹ, ಒಂದು ತೊಂದರೆಗೆ ಪರಿಹಾರ ಹೇಳುವ ಬರಹ, ಗೊಂದಲದ ಹಳೆಯ ಸೂಚನೆಯೊಂದನ್ನು ತಿದ್ದಿ ಬರೆದದ್ದು. ಯಾರಿಗಾಗಿ ಬರೆದದ್ದು, ಅವರು ಎಲ್ಲಿ ತಡವರಿಸಿದರು, ಬಳಿಕ ಏನು ಬದಲಾಯಿತು ಎಂಬ ನಾಲ್ಕು ಸಾಲುಗಳು ಪ್ರತಿಯೊಂದರ ಜೊತೆಗಿರಲಿ. ಇಂದು ಕೃತಕ ಬುದ್ಧಿಮತ್ತೆ ಕ್ಷಣಾರ್ಧದಲ್ಲಿ ನುಣುಪಾದ ಅರ್ಧ ಪುಟ ಬರೆದುಕೊಡುತ್ತದೆ ನಿಜ. ಆದರೆ ಪಕ್ಕದ ಮನೆಯ ಅಡುಗೆಕೋಣೆಯಲ್ಲಿ ಕುಳಿತು ಆ ಲೋಟವನ್ನು ಕಂಡವರು ನಾವು. ಆ ನಾಲ್ಕು ಸಾಲುಗಳನ್ನು ನಾವೇ ಬರೆಯಬೇಕು.